ಅಪ್‌ಡೇಟ್: ಪೈಥಾನ್ 2ರ ಉದಾಹರಣೆಗಳು ಅಂತೂ 3ಕ್ಕೆ ಬಂದವು

ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳ ಪೈಥಾನ್ ಪ್ರೋಗ್ರಾಮಿಂಗ್ ಕೈಪಿಡಿಯಲ್ಲಿ ಹಳೆಯ 2ನೇ ಆವೃತ್ತಿಯ ಕೋಡ್ ಉಳಿದಿದೆ, 3ಕ್ಕೆ ತಿದ್ದುವುದು ಹೇಗೆ ಎಂದು ಹೋದ ವಾರ ಕೇಳಿದ್ದೆ. ಈಗ ಎಲ್ಲ ಸರಿಯಾಯಿತು.

3ರಲ್ಲಿ ಪ್ರಿಂಟ್‌ಗೆ ಆವರಣ ಬೇಕು; ಅದನ್ನು ಫೈಂಡ್-ರಿಪ್ಲೇಸ್‌ನಲ್ಲಿ ಹಾಕುವ ಸಲಹೆ ಕೈಕೊಟ್ಟಿತು. 2ರಲ್ಲಿ ಮುಂದಿನದನ್ನೂ ಅದೇ ಸಾಲಿಗೆ ತರುತ್ತಿದ್ದ ಕೊನೆಯ ಅಲ್ಪವಿರಾಮ ಆವರಣದೊಳಗೇ ಉಳಿದು, ಎರರ್ ಕೂಡ ತೋರಿಸದೆ, ಒಂದೇ ಸಾಲಿನಲ್ಲಿ ಬರಬೇಕಾದ ಮಗ್ಗಿ ಒಂದರ ಕೆಳಗೊಂದು ಬಂತು.

ಕೆಲಸಕ್ಕೆ ಬಂದದ್ದು ಟೂ-ಟು-ತ್ರೀ (2to3), 2ರ ಕೋಡನ್ನು 3ಕ್ಕೆ ಬದಲಿಸುವ ಸಾಧನ. ಅದರ ಕಮಾಂಡ್‌ಗೆ ಡ್ಯಾಶ್ ಡಿ (-d) ಸೇರಿಸಿದರೆ ಮೂರು ಬಾಣದ ಗುರುತಿನ ಉದಾಹರಣೆಗಳನ್ನಷ್ಟೇ ಮುಟ್ಟುತ್ತದೆ, ಸುತ್ತಲಿನ ಕನ್ನಡ ವಿವರಣೆ ಹಾಗೇ ಇರುತ್ತದೆ. ಡ್ಯಾಶ್ ಡಬ್ಲ್ಯೂ (-w) ಕೊಡದಿದ್ದರೆ ವ್ಯತ್ಯಾಸ ಮಾತ್ರ ತೋರಿಸುತ್ತದೆ, ಫೈಲ್ ಬದಲಾಗದು. ಫೋಲ್ಡರ್ ಕೊಟ್ಟರೆ ಪೈಥಾನ್ ಫೈಲುಗಳನ್ನು ಮಾತ್ರ ನೋಡುತ್ತದೆ, ಹಾಗಾಗಿ ಟೆಕ್ಸ್ಟ್ ಫೈಲಿನ ಹೆಸರನ್ನೇ ಕೊಡಿ. ಪೈಥಾನ್ 3.13ರಲ್ಲಿ ಈ ಸಾಧನವನ್ನೇ ತೆಗೆದಿದ್ದಾರೆ, 3.12 ಇಟ್ಟುಕೊಳ್ಳಿ.

ಆದರೆ ಉದಾಹರಣೆಯ ಕೆಳಗಿನ ಉತ್ತರವನ್ನು ಅದು ತಿದ್ದುವುದಿಲ್ಲ. ಉದಾಹರಣೆಗಳನ್ನು ಓಡಿಸಿ ಬರೆದ ಉತ್ತರದೊಂದಿಗೆ ಹೋಲಿಸುವ ಡಾಕ್‌ಟೆಸ್ಟ್ ಓಡಿಸಿ ಎಂದವರಿಂದ ದೊಡ್ಡ ಉಪಕಾರವಾಯಿತು. 7 ಕಿಲೋ ಅಡಿಕೆ, 2 ಪಾಲು: ಕೈಪಿಡಿಯಲ್ಲಿ ಉತ್ತರ 3, ಪೈಥಾನ್ 3ರಲ್ಲಿ ಬಂದದ್ದು 3.5. ಪೂರ್ಣಾಂಕವೇ ಬೇಕಾದಲ್ಲಿ ಭಾಗಾಕಾರಕ್ಕೆ ಎರಡು ಓರೆಗೆರೆ (//) ಹಾಕಿದೆ.

ನಿರೀಕ್ಷಿಸದೇ ಇದ್ದದ್ದು ಇನ್ನೊಂದು: ‘ಅಡಿಕೆ’ ಎಂಬ ಯೂನಿಕೋಡ್ ಸ್ಟ್ರಿಂಗ್ ಹಳೆಯ ಉತ್ತರದಲ್ಲಿ ಬರೀ ಸಂಕೇತಗಳ ಸಾಲಾಗಿತ್ತು. 3ರಲ್ಲಿ ಅದು ನೇರ ಕನ್ನಡ ಅಕ್ಷರದಲ್ಲೇ ಬರುತ್ತದೆ. ಅಂಥ ಉತ್ತರಗಳನ್ನೆಲ್ಲ ಕೈಯಲ್ಲೇ ಬದಲಿಸಬೇಕಾಯಿತು.