ಮಕ್ಕಳ ಪರ ಮಾತನಾಡಲು ಸೌಂದರ್ಯ ಸ್ಪರ್ಧೆಯ ವೇದಿಕೆ: ಶಿಕ್ಷಕಿಯೊಬ್ಬರ ಪ್ರಶ್ನೆಗೆ ಅನುಭವಿಗಳ ಉತ್ತರ

ಪ್ರಶ್ನೆ: ನಾನು ಅನುದಾನಿತ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎರಡು ವರ್ಷಗಳಿಂದ ಭಾನುವಾರಗಳಂದು ಬಾಲಕಿಯರ ಬಾಲಮಂದಿರಕ್ಕೆ ಹೋಗಿ ಓದು ಹೇಳಿಕೊಡುತ್ತಿದ್ದೇನೆ. ವಿವಾಹಿತ ಮಹಿಳೆಯರ ಸೌಂದರ್ಯ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟರೆ ಆ ಮಕ್ಕಳ ವಿಚಾರವನ್ನು ಹೆಚ್ಚು ಜನರ ಮುಂದಿಡಬಹುದೆಂಬ ಆಸೆಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ: ಮೇಡಂ, ಮೂರು ವರ್ಷಗಳ ಹಿಂದೆ ಇಂಥದೇ ಸ್ಪರ್ಧೆಯಲ್ಲಿ ಭಾಗವಹಿಸಿದವಳಾಗಿ ಹೇಳುತ್ತಿದ್ದೇನೆ. ಹೋಗಿ, ಆದರೆ ಭಾನುವಾರವನ್ನು ಬಿಟ್ಟುಕೊಡಬೇಡಿ. ನಾನು ಎಡವಿದ್ದು ಅಲ್ಲಿಯೇ. ನಡಿಗೆಯ ತರಬೇತಿ, ಉಡುಪಿನ ಅಳತೆ, ಫೋಟೊ ತೆಗೆಸುವುದು ಎಲ್ಲವೂ ಭಾನುವಾರಗಳಿಗೇ ಬಂದು, ಸತತ ಐದು ವಾರ ಮಕ್ಕಳ ಬಳಿ ಹೋಗಲಾಗಲಿಲ್ಲ. ಆರನೆಯ ವಾರ ಹೋದಾಗ, ಒತ್ತಕ್ಷರಗಳಲ್ಲಿ ತಡವರಿಸುತ್ತಿದ್ದ ಹುಡುಗಿಯೊಬ್ಬಳು ನಾನು ಹಿಂದಿನ ಸಲ ಪೆನ್ಸಿಲಿನಿಂದ ಗುರುತು ಹಾಕಿದ್ದ ಪುಟವನ್ನೇ ತೆರೆದು ಮುಂದಿಟ್ಟು, "ನೀವು ಬಂದ ಮೇಲೆ ಓದೋಣ ಅಂತ ಇಟ್ಟಿದ್ದೆ ಮಿಸ್" ಎಂದಳು. ಮಕ್ಕಳ ಪರವಾಗಿ ಮಾತನಾಡುವುದನ್ನು ಕಲಿಯಲು ಹೋಗಿ ಆ ಮಗುವನ್ನೇ ಕಾಯಿಸಿದ್ದೆ.

ಸ್ಪರ್ಧೆಗೂ ಸೇವೆಗೂ ನಂಟಿಲ್ಲವೆಂದೇನೂ ಅಲ್ಲ. ಮಿಸ್ ವರ್ಲ್ಡ್‌ನಲ್ಲಿ 'ಬ್ಯೂಟಿ ವಿತ್ ಎ ಪರ್ಪಸ್' ಎಂಬ ವಿಭಾಗವೇ ಇದೆ. 2017ರಲ್ಲಿ ಕಿರೀಟ ಗೆದ್ದ ಮಾನುಷಿ ಛಿಲ್ಲರ್ ಮುಟ್ಟಿನ ನೈರ್ಮಲ್ಯದ ಕೆಲಸವನ್ನು ಅಲ್ಲಿ ಮುಂದಿಟ್ಟಿದ್ದರು. ನಮ್ಮ ಮಟ್ಟದ ಸ್ಪರ್ಧೆಗಳ ಮಾತು ಬೇರೆ. ನೋಂದಣಿ ಶುಲ್ಕದ ಮೇಲೆ ಉಡುಪು, ಮೇಕಪ್, ಹೋಟೆಲ್ ವಾಸ್ತವ್ಯ ಇವೆಲ್ಲ ಸೇರಿಕೊಳ್ಳುತ್ತವೆ. ನಾನು ಹೋದಲ್ಲಿ ಟಿಕೆಟ್ ಮಾರಿಕೊಡುವ ಹೊಣೆಯನ್ನೂ ಹೊರಿಸಿದರು. ಒಟ್ಟು ಎಷ್ಟು ಕೊಡಬೇಕೆಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಪರಿಚಯಕ್ಕೆ ನನಗೆ ಸಿಕ್ಕಿದ್ದು ಅರ್ಧ ನಿಮಿಷ. "ಮಕ್ಕಳೇ ದೇಶದ ಭವಿಷ್ಯ" ಎಂಬ ಸಾಲನ್ನು ನನಗಿಂತ ಮೊದಲೇ ಮೂವರು ಹೇಳಿ ಮುಗಿಸಿದ್ದರಿಂದ, ನಾನು ಮಕ್ಕಳ ಸಹಾಯವಾಣಿ 1098 ಅನ್ನು ಎರಡು ಬಾರಿ ಹೇಳಿ, ಸಭಿಕರು ಅದನ್ನು ಮೊಬೈಲಿನಲ್ಲಿ ಬರೆದುಕೊಳ್ಳುವವರೆಗೆ ಸುಮ್ಮನೆ ನಿಂತೆ. ಬಹುಮಾನ ಬರಲಿಲ್ಲ. ಊಟದ ಹೊತ್ತಿಗೆ ಇಬ್ಬರು ಹುಡುಕಿಕೊಂಡು ಬಂದು ಆ ಸಂಖ್ಯೆಯ ಬಗ್ಗೆ ವಿಚಾರಿಸಿದರು.

ಮಕ್ಕಳ ರಕ್ಷಣಾ ಕ್ಷೇತ್ರದ ಕಾರ್ಯಕರ್ತೆ, ಧಾರವಾಡ: ದಯವಿಟ್ಟು ಬಾಲಮಂದಿರದ ಮಕ್ಕಳೊಂದಿಗಿನ ಫೋಟೊವನ್ನು ಸ್ಪರ್ಧೆಯ ಪ್ರಚಾರಕ್ಕೆ ಬಳಸಬೇಡಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ಶಾಲೆ, ಚಿತ್ರ, ಹೀಗೆ ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮುಖವನ್ನು ಮಸುಕುಗೊಳಿಸಿದರೂ ಸಮವಸ್ತ್ರ ಊರನ್ನು ಹೇಳಿಬಿಡುತ್ತದೆ. ಕಣ್ಣೀರು ತರಿಸುವ ಕಥೆಗಿಂತ ಉಪಯೋಗದ ಮಾತು ಬೇಕಿದ್ದರೆ ಪ್ರಾಯೋಜಕತ್ವದ, ಅಂದರೆ ಮಗು ಮನೆಯಲ್ಲೇ ಬೆಳೆಯಲು ಸಿಗುವ ಸರ್ಕಾರಿ ಧನಸಹಾಯದ ವಿಷಯವನ್ನು ಹೇಳಿ: ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುವುದರಿಂದ, ತಂದೆಯಿಲ್ಲದ ಮಗು ಬಡತನವೊಂದರ ಕಾರಣಕ್ಕೇ ತಾಯಿಯನ್ನು ಬಿಟ್ಟು ಬಾಲಮಂದಿರ ಸೇರುವುದು ತಪ್ಪುತ್ತದೆ. ಇದು ಗೊತ್ತಿಲ್ಲದ ತಾಯಂದಿರು ನಿಮ್ಮ ಶಾಲೆಯ ಪೋಷಕರಲ್ಲಿಯೇ ಇದ್ದಾರು.

ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು: ತಾಯೀ, ಸ್ಪರ್ಧೆಯ ವಿಚಾರ ನನಗೆ ತಿಳಿಯದು, ನಿಜ ಹೇಳಬೇಕೆಂದರೆ ಹಿಡಿಸುವುದೂ ಇಲ್ಲ, ಶಾಲೆಯ ವಿಚಾರವನ್ನಷ್ಟೇ ಹೇಳುತ್ತೇನೆ. ಪೋಷಕರು ಫೋಟೊ ನೋಡಿ ತಿಳಿಯುವ ಮೊದಲು ಸಭೆಯಲ್ಲಿ ನೀವೇ ತಿಳಿಸಿ. ಆಡಳಿತ ಮಂಡಳಿಗೆ ದಿನಾಂಕಗಳನ್ನೂ ಬೇಕಾಗುವ ರಜೆಯನ್ನೂ ನಮೂದಿಸಿ ಲಿಖಿತವಾಗಿ ಅನುಮತಿ ಕೋರಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ನಾಟಕದಲ್ಲಿ ಪಾತ್ರ ಮಾಡಿದ ನಮ್ಮ ಸಹೋದ್ಯೋಗಿಯೊಬ್ಬರು ಆಮೇಲೆ ವಿವರಣೆ ಬರೆದುಕೊಡಬೇಕಾಯಿತು. ಅರ್ಜಿಯ ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.