ಬ್ರಾಂಡ್ ಬಿಟ್ಟು ಜನೌಷಧಿ: ಥೈರಾಯ್ಡ್, ಬಿಪಿ, ಶುಗರ್ ಮೂರನ್ನೂ ಬದಲಿಸಬಹುದಾ?

ಬಾತಿಗುಡ್ಡ:
ಅವ್ವನಿಗೆ 62 ವರ್ಷ. ದಿನಾ ಥೈರಾಯ್ಡ್‌ಗೆ ಥೈರೋನಾರ್ಮ್ 75, ಬಿಪಿಗೆ ಅಮ್ಲೋಡಿಪಿನ್ 5, ಶುಗರ್‌ಗೆ ಮೆಟ್‌ಫಾರ್ಮಿನ್ ಎಸ್‌ಆರ್ (ನಿಧಾನವಾಗಿ ಕರಗೋದು) 500. ದಾವಣಗೆರೆಯ ಜನೌಷಧಿ ಕೇಂದ್ರದಲ್ಲಿ ತಗೊಂಡ್ರೆ ಖರ್ಚು ಬಹಳ ಇಳಿಯುತ್ತೆ. ಮೂರನ್ನೂ ಒಟ್ಟಿಗೇ ಬದಲಿಸಿದ್ರೆ ತೊಂದ್ರೆ ಇದೆಯಾ? ಥೈರಾಯ್ಡ್ ಮಾತ್ರೆ ಇನ್ನೂ ಅರ್ಧ ಬಾಟಲಿ ಇದೆ.

ಚಂದ್ರವಳ್ಳಿ:
ಬಿಪಿ, ಶುಗರ್ ಮಾತ್ರೆಗೆ ಹೆದರಬೇಕಾಗಿಲ್ಲ. ಸ್ಟ್ರಿಪ್ಪಿನ ಸಣ್ಣಕ್ಷರ ಮಾತ್ರ ಓದಿ. ಎಸ್-ಅಮ್ಲೋಡಿಪಿನ್ ಅನ್ನೋದು ಬೇರೆ, ಅದರ 2.5 ಮಿ.ಗ್ರಾಂ ನಿಮ್ಮ 5ಕ್ಕೆ ಸಮ. "ಐದೇ ಅಲ್ವಾ" ಅಂತ ಎಸ್-ಅಮ್ಲೋಡಿಪಿನ್ 5 ತಂದ್ರೆ ಡೋಸ್ ಡಬಲ್: ಪಾದ ಊದಬಹುದು, ತಲೆ ಸುತ್ತಬಹುದು. ಹೆಸರಿನ ಬಾಲದಲ್ಲಿ 'ಎಟಿ' ಇದ್ರೆ ಅಟೆನೊಲಾಲ್ ಅನ್ನೋ ಇನ್ನೊಂದು ಬಿಪಿ ಔಷಧಿ ಕೂಡ ಸೇರಿದೆ, ಅದು ಬೇಡ. ಮೆಟ್‌ಫಾರ್ಮಿನ್ ಎಸ್‌ಆರ್ ಬದಲಿಗೆ ಎಸ್‌ಆರ್ ಅನ್ನೇ ಕೇಳಿ. ಸಾದಾ 500 ಬೇಗ ಕರಗುತ್ತೆ, ಕೆಲವರಿಗೆ ಹೊಟ್ಟೆ ಕೆಡುತ್ತೆ. ಎಸ್‌ಆರ್ ಮಾತ್ರೆ ಪುಡಿ ಮಾಡಿ ಕೊಡಬೇಡಿ.

ಬೆಣ್ಣೆನಗರಿ:
ಸಾಲ್ಟ್ (ಔಷಧಿಯ ಮೂಲ ಅಂಶ) ಒಂದೇ ಅಂದ್ಮೇಲೆ ಥೈರಾಯ್ಡ್‌ಗೂ ಅದೇ ಲೆಕ್ಕ ಅಲ್ವಾ?

ದೇವನಗರಿ ಫಾರ್ಮಾ:
ಅಲ್ಲ ಸರ್. ಥೈರೋನಾರ್ಮ್‌ನಲ್ಲಿರೋ ಲಿವೊಥೈರಾಕ್ಸಿನ್ ಡೋಸೇ ಮೈಕ್ರೋಗ್ರಾಂ ಲೆಕ್ಕದ್ದು, ಹೀರಿಕೆ ಸ್ವಲ್ಪ ಹೆಚ್ಚುಕಮ್ಮಿಯಾದ್ರೂ ಟಿಎಸ್‌ಎಚ್ (ಥೈರಾಯ್ಡ್ ಸ್ಥಿತಿ ತೋರಿಸೋ ರಕ್ತಪರೀಕ್ಷೆ) ಅಲುಗಾಡುತ್ತೆ. ಜೆನೆರಿಕ್ (ಬ್ರಾಂಡ್ ಹೆಸರಿಲ್ಲದ ಔಷಧಿ) ಕೀಳು ಅಂತಲ್ಲ. ಪದೇಪದೇ ಕಂಪನಿ ಬದಲಿಸೋದೇ ತಪ್ಪು. ಡಾಕ್ಟರಿಗೆ ಹೇಳಿ ಬದಲಿಸಿ, 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ಔಷಧಿಯ ಅರ್ಧಾಯುಷ್ಯವೇ (ಮೈಯಲ್ಲಿ ಅರ್ಧಕ್ಕೆ ಇಳಿಯೋ ಸಮಯ) ಸುಮಾರು 7 ದಿನ, ಹತ್ತೇ ದಿನಕ್ಕೆ ರಕ್ತ ಕೊಟ್ರೆ ರಿಪೋರ್ಟ್ ದಾರಿ ತಪ್ಪಿಸುತ್ತೆ. ಆ ದಿನದ ಮಾತ್ರೆ ರಕ್ತ ಕೊಟ್ಟ ಮೇಲೆ ನುಂಗಲಿ. ಲೇಬಲ್ ಮೇಲೆ 0.075 ಮಿ.ಗ್ರಾಂ ಅಂತಿದ್ರೆ ಅದೇ 75 ಮೈಕ್ರೋಗ್ರಾಂ. ಇರೋ ಬಾಟಲಿ ಮೊದಲು ಮುಗಿಸಿ. ಇವತ್ತು ಅದು, ನಾಳೆ ಇದು ಅಂತ ಬೆರೆಸಬೇಡಿ. ಹೃದ್ರೋಗ ಇದ್ರೆ ಡಾಕ್ಟರನ್ನ ಕೇಳದೆ ಬದಲಿಸಲೇಬೇಡಿ. ಫಿಟ್ಸ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡೋ ವಾರ್ಫರಿನ್‌ಗೂ ಇದೇ ಎಚ್ಚರಿಕೆ.

ಚಂದ್ರವಳ್ಳಿ:
ಎಷ್ಟೋ ಸಲ ಕಂಪನಿ ಮೇಲೆ ಹೊರಿಸೋ ತಪ್ಪು ಅಡುಗೆಮನೇದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೇಲಿ ನೀರಿನ ಜೊತೆ ನುಂಗಿ, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಬಾಟಲಿ ಕಿಟಕಿ ಮೇಲಿಟ್ರೆ ಮಾತ್ರೆಯ ಸತ್ವ ಇಳಿಯುತ್ತೆ.

ಬಾತಿಗುಡ್ಡ:
ಕ್ಯಾಲ್ಸಿಯಂ ತಿಂಡಿ ಜೊತೆಗೇ ಕೊಡ್ತಿದ್ವಿ! ಅದನ್ನ ರಾತ್ರಿಗೆ ಹಾಕಿದ್ರೆ ಥೈರಾಯ್ಡ್ ಡೋಸ್ ಅಷ್ಟೇ ಇರುತ್ತಾ?

ದೇವನಗರಿ ಫಾರ್ಮಾ:
ಹೀರಿಕೆ ಹೆಚ್ಚಾಗಿ ಈಗಿನ 75 ಜಾಸ್ತಿಯಾಗಬಹುದು. ಹಾಗಾಗಿ ಮೊದಲು ಕ್ಯಾಲ್ಸಿಯಂ ಸರಿಸಿ, 6 ವಾರಕ್ಕೆ ಟಿಎಸ್‌ಎಚ್ ನೋಡಿ, ಆಮೇಲೆ ಕಂಪನಿ ಬದಲಿಸಿ. ಎರಡೂ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಏರುಪೇರಾಯ್ತು ಅಂತ ಡಾಕ್ಟರಿಗೂ ಗೊತ್ತಾಗಲ್ಲ. ನಡುವೆ ಎದೆ ಡವಡವ, ಕೈ ನಡುಕ ಕಂಡ್ರೆ 6 ವಾರ ಕಾಯದೆ ತೋರಿಸಿ.