ಮೂರು ವರ್ಷದ ದ್ರಾಕ್ಷಿ ಬಳ್ಳಿ, ಬರೀ ಎಲೆ

ಪ್ರಶ್ನೆ (ಕೋಲಾರ):
ನಮಸ್ಕಾರ. ನಂದಿ ಕಡೆಯ ನೆಂಟರ ತೋಟದಿಂದ ಬೆಂಗಳೂರು ನೀಲಿ ಕಡ್ಡಿ ತಂದು ಹಿತ್ತಲಲ್ಲಿ ನೆಟ್ಟು ಮೂರು ವರ್ಷವಾಯಿತು. ಬಟ್ಟೆ ಒಗೆಯುವ ಕಲ್ಲಿನಿಂದ ಮಹಡಿ ಮೆಟ್ಟಿಲವರೆಗೆ ಹಬ್ಬಿದೆ. ಚಪ್ಪರದ ಕೆಳಗೆ ಮಧ್ಯಾಹ್ನವೂ ಕತ್ತಲು. ಹೋದ ವರ್ಷ ಬಿಟ್ಟಿದ್ದು ಎರಡೇ ಗೊಂಚಲು. ದಿನಾ ಸಂಜೆ ಎರಡು ಕೊಡ ನೀರು, ತಿಂಗಳಿಗೊಮ್ಮೆ ಒಂದು ಹಿಡಿ ಯೂರಿಯಾ ಹಾಕುತ್ತೇನೆ. ಅತ್ತೆ "ಗಂಡು ಬಳ್ಳಿ ಇರಬೇಕು, ಕಿತ್ತು ಹಾಕು" ಅನ್ನುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ (ಚಿಕ್ಕಬಳ್ಳಾಪುರ):
ಅಕ್ಕ, ಕೀಳಬೇಡಿ. ಈ ತಳಿಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ನೀರು, ಗೊಬ್ಬರ ಎಲ್ಲಾ ಬರೆದಿದ್ದೀರಿ, ಕತ್ತರಿ ಮಾತೇ ಇಲ್ಲ. ಒಂದು ಸಲವೂ ಸವರಿಲ್ಲ ಅಲ್ವಾ?

ದ್ರಾಕ್ಷಿ ಹಳೇ ಕಟ್ಟಿಗೆಯಲ್ಲಿ ಬಿಡುವುದಿಲ್ಲ. ಬಲಿತ ಕಡ್ಡಿಯ ಕಣ್ಣು ಒಡೆದು ಹೊಸ ಕುಡಿ ಬರುತ್ತದಲ್ಲ, ಗೊಂಚಲು ಅದರಲ್ಲೇ. ಆ ಕಣ್ಣಿಗೆ ಮೊದಲೇ ಬಿಸಿಲು ಬಿದ್ದಿರಬೇಕು. ನಿಮ್ಮ ಚಪ್ಪರದಲ್ಲಿ ಬಿಸಿಲೇ ಇಲ್ಲ.

ದಸರಾ ಕಳೆದು ಮಳೆ ನಿಲ್ಲಲಿ. ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ ಕಡ್ಡಿ ಉಳಿಸಿಕೊಳ್ಳಿ. ಪ್ರತಿ ಕಡ್ಡಿಯಲ್ಲೂ ಅದರ ಬುಡದಿಂದ ನಾಲ್ಕೈದು ಕಣ್ಣು ಬಿಟ್ಟು ಕತ್ತರಿಸಿ. ತಾಮ್ಸನ್ ಥರದ ತಳಿಗೆ ಇನ್ನೂ ಜಾಸ್ತಿ ಕಣ್ಣು ಬಿಡಬೇಕು, ನೀಲಿಗೆ ಇಷ್ಟು ಸಾಕು. ಸಣಕಲು ಕಡ್ಡಿ, ಎಲೆ ಎಲ್ಲಾ ತೆಗೆಯಿರಿ. ಚಪ್ಪರ ಬೋಳಾಗುತ್ತದೆ, ನೋಡಿ ಹೆದರಬೇಡಿ. ನಮ್ಮ ಅಮ್ಮ ಮೊದಲ ಸಲ ನೋಡಿ ಅತ್ತೇ ಬಿಟ್ಟಿದ್ದರು.

ಯೂರಿಯಾ ನಿಲ್ಲಿಸಿ. ಬುಡಕ್ಕೆ ಎರಡು ಬುಟ್ಟಿ ಹಳೇ ಕುರಿ ಗೊಬ್ಬರ ಕೊಡಿ. ನೀರು ಮಣ್ಣು ಒಣಗಿದ ಮೇಲೆ ಮಾತ್ರ. ಇದು ನಮ್ಮ ಸೀಮೆಯದೇ ತಳಿ, 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಸುಮ್ನೆ ಕಳೆದುಕೊಳ್ಳಬೇಡಿ.

ಉತ್ತರ (ಚಿಂತಾಮಣಿ):
ಅಣ್ಣ ಹೇಳಿದ್ದು ಸರಿ. ಸವರಿದ ಮೇಲೆ ಬೋರ್ಡೋ ದ್ರಾವಣ ಹೊಡೆಯಿರಿ, ನೀಲಿಗೆ ಬೂಜು ತುಪ್ಪಟ ರೋಗ (ಎಲೆಯಡಿ ಬಿಳಿ ಬೂಜು ಕಟ್ಟುವುದು) ಬೇಗ ಬರುತ್ತದೆ. ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಉಜ್ಜಿದ ಕಬ್ಬಿಣದ ಮೊಳೆ ಅದ್ದಿ ನೋಡಿ. ಮೊಳೆ ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ.

ಪ್ರಶ್ನೆ ಕೇಳಿದವರು:
ನಿನ್ನೆ ಸವರಿದೆ. ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕುತ್ತಿದೆ! ಬೆಳಗ್ಗೆ ಒಗೆಯುವ ಕಲ್ಲೆಲ್ಲ ಒದ್ದೆ. ತಪ್ಪು ಮಾಡಿಬಿಟ್ಟೆನಾ ಅಣ್ಣ?

ಉತ್ತರ (ಚಿಕ್ಕಬಳ್ಳಾಪುರ):
ಇಲ್ಲ ಅಕ್ಕ, ಅದು ಒಳ್ಳೆಯದೇ. ಬೇರು ಜೋರಾಗಿ ನೀರು ಎಳೆಯುತ್ತಿದೆ. ಕೆಲವು ದಿನದಲ್ಲಿ ತಾನೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಇವತ್ತಿಗೆ ಇಪ್ಪತ್ತೈದು ದಿನ. ಹೊಸ ಕುಡಿಗಳಲ್ಲಿ ಎಲೆಯ ಎದುರಿಗೆ ಸಾಸಿವೆಗಿಂತ ಚಿಕ್ಕ ಹಸಿರು ಮೊಗ್ಗಿನ ಗೊಂಚಲು ಕಾಣುತ್ತಿವೆ. ನಾನು ಎಣಿಸಿದಾಗ ಹದಿನಾಲ್ಕು. ಅತ್ತೆ ಸ್ಟೂಲ್ ಹಾಕಿಕೊಂಡು ಎಣಿಸಿ ಹದಿನಾರು ಅಂದರು.